ಸಹಾಯ ಬೇಕು: ಗ್ರಿಪ್ಪರ್ ಪೇಟೆಂಟಿಗೆ ಬಂದ ಆಕ್ಷೇಪಕ್ಕೆ ಏನು ಉತ್ತರ ಬರೆಯಲಿ?

ಪೀಣ್ಯದಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ಮೋಟಾರಿನಿಂದ ವಸ್ತು ಹಿಡಿದೆತ್ತುವ ಗ್ರಿಪ್ಪರ್ ಮಾಡಿ ಪೇಟೆಂಟಿಗೆ ಅರ್ಜಿ ಹಾಕಿದ್ದೆ. ಈಗ ಪೇಟೆಂಟ್ ಕಚೇರಿಯಿಂದ ಮೊದಲ ಪರೀಕ್ಷಾ ವರದಿ ಬಂದಿದೆ. ಎರಡು ಹಳೆ ಪೇಟೆಂಟ್ ಸೇರಿಸಿ ನೋಡಿದರೆ ಇದು ಯಾರಿಗಾದರೂ ಹೊಳೆಯುವಂಥದ್ದೇ ಅಂತ ಆಕ್ಷೇಪ. 6 ತಿಂಗಳಲ್ಲಿ ಉತ್ತರ ಕೊಡಬೇಕು, 4 ಆಗಲೇ ಮುಗಿದಿವೆ.

ಆ ಎರಡನ್ನೂ ಕೂತು ಓದಿದೆ. ಮೋಟಾರ್, ವರ್ಮ್ ಗೇರ್ ಅವುಗಳಲ್ಲೂ ಇವೆ, ಒಪ್ಪಿದೆ. ಆದರೆ ನಮ್ಮದು ಮೋಟಾರ್ ಎಳೆಯುವ ಕರೆಂಟ್ ನೋಡಿಕೊಂಡು ಹಿಡಿತವನ್ನು ತಾನೇ ಸಡಿಲಿಸುತ್ತದೆ. ಟೊಮ್ಯಾಟೊ ಕೂಡ ಜಜ್ಜಿ ಹೋಗುವುದಿಲ್ಲ! ಎಡವಟ್ಟು ಏನಂದರೆ, ಇದನ್ನು ಅರ್ಜಿಯ ವಿವರಣೆಯಲ್ಲಿ ಬರೆದಿದ್ದೇನೆ, ಕ್ಲೇಮಿನಲ್ಲಿ (ಯಾವುದರ ಮೇಲೆ ಹಕ್ಕು ಬೇಕು ಅಂತ ಹೇಳುವ ಭಾಗ) ಬರೆದಿಲ್ಲ. ತಿದ್ದಿದ ಕ್ಲೇಮು ಮೂಲ ಕ್ಲೇಮಿನ ವ್ಯಾಪ್ತಿಯೊಳಗೇ ಇರಬೇಕು ಅನ್ನುತ್ತದೆ ಪೇಟೆಂಟ್ ಕಾಯ್ದೆಯ ಸೆಕ್ಷನ್ 59. ಅಲ್ಲೇ ತಲೆ ಕೆಟ್ಟಿತು.

ಈ ಅಂಶವನ್ನು ಈಗ ಮೊದಲ ಕ್ಲೇಮಿಗೆ ತಂದರೆ ವ್ಯಾಪ್ತಿ ಕಿರಿದಾಯಿತು ಅಂತ ಒಪ್ಪುತ್ತಾರಾ, ಹೊಸದು ಸೇರಿಸಿದಿರಿ ಅಂತ ತಳ್ಳಿಹಾಕುತ್ತಾರಾ? ಹೀಗೆ ತಿದ್ದಿ ಉತ್ತರ ಕೊಟ್ಟವರು ಯಾರಾದರೂ ಇದ್ದೀರಾ?