ಕರುಳಿನ ಹುಣ್ಣಿಗೆ ಖಾರವೇ ಕಾರಣವೇ?

ಪ್ರಶ್ನೆ (ಡೊಂಬಿವಲಿ):
ಮುಂಬಯಿಯ ಉಡುಪಿ ಹೋಟೆಲೊಂದರಲ್ಲಿ ಬಹುಕಾಲ ದುಡಿದ ನಮ್ಮ ಮಾವನವರಿಗೆ ಸಣ್ಣ ಕರುಳಿನ ಆರಂಭದ ಭಾಗದಲ್ಲಿ ಹುಣ್ಣಾಗಿರುವುದು ಎಂಡೋಸ್ಕೋಪಿಯಲ್ಲಿ ತಿಳಿದುಬಂದಿದೆ. ಹೊತ್ತಿಗೆ ಸರಿಯಾಗಿ ಉಣ್ಣದಿರುವುದು ಮತ್ತು ವಡಾಪಾವಿನ ಖಾರದ ಚಟ್ನಿಯೇ ಇದಕ್ಕೆ ಕಾರಣವೆಂದು ಮನೆಯವರೆಲ್ಲ ಹೇಳುತ್ತಿದ್ದಾರೆ. ವೈದ್ಯರು ಮಾತ್ರ ಮಂಡಿನೋವಿನ ಮಾತ್ರೆಗಳ ಬಗ್ಗೆಯೇ ಹೆಚ್ಚು ವಿಚಾರಿಸಿದರು. ಇವೆರಡಕ್ಕೂ ಏನು ಸಂಬಂಧ?

ಉತ್ತರ (ಮುಲುಂಡ್):
ವೈದ್ಯರ ಪ್ರಶ್ನೆ ಸರಿಯಾದುದೇ. ಐಬುಪ್ರೊಫೇನ್, ಡೈಕ್ಲೊಫೆನಾಕ್, ಆಸ್ಪಿರಿನ್ ಮುಂತಾದ ನೋವಿನ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವಿನ ಉತ್ಪಾದನೆಯನ್ನು ತಡೆದು ನೋವನ್ನು ಇಳಿಸುತ್ತವೆ. ಆದರೆ ಜಠರ ಮತ್ತು ಕರುಳಿನ ಒಳಪದರವನ್ನು ಆಮ್ಲದಿಂದ ಕಾಯುವ ಲೋಳೆ ಸ್ರವಿಸಲು ಅದೇ ವಸ್ತು ಬೇಕಾಗಿರುವುದರಿಂದ, ದೀರ್ಘಕಾಲ ಸೇವಿಸಿದಾಗ ಆ ಪದರ ದುರ್ಬಲವಾಗಿ ಹುಣ್ಣಾಗುವ ಸಂಭವವಿದೆ. ಊಟದ ನಂತರ ನುಂಗಿದರೆ ಅಪಾಯವಿಲ್ಲವೆಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಔಷಧವು ರಕ್ತದ ಮೂಲಕವೂ ಈ ಪರಿಣಾಮವನ್ನು ಬೀರುತ್ತದೆ.

ಉತ್ತರ (ಪುಣೆ):
ಇನ್ನೊಂದು ಪ್ರಮುಖ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ. 1984ರಲ್ಲಿ ಆಸ್ಟ್ರೇಲಿಯದ ವೈದ್ಯ ಬ್ಯಾರಿ ಮಾರ್ಷಲ್ ಅದು ರೋಗ ತರುತ್ತದೆಂದು ತೋರಿಸಲು ಅದನ್ನು ಬೆಳೆಸಿದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತಕ್ಕೆ ಒಳಗಾದರು (ಅಷ್ಟು ದೂರ ಹೋಗಬೇಕಿತ್ತೇ ಎಂಬುದು ಬೇರೆ ಮಾತು). 2005ರಲ್ಲಿ ಅವರಿಗೂ ಅವರ ಸಹಸಂಶೋಧಕ ರಾಬಿನ್ ವಾರೆನ್ ಅವರಿಗೂ ನೊಬೆಲ್ ಪ್ರಶಸ್ತಿ ದೊರೆಯಿತು. ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಈ ಸೋಂಕು ಪತ್ತೆಯಾಗುತ್ತದೆ. ಆದರೆ ಆಮ್ಲವನ್ನು ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂತಹ ಮಾತ್ರೆಯನ್ನು, ವೈದ್ಯರನ್ನು ಕೇಳಿಕೊಂಡು, ಎರಡು ವಾರ ಮೊದಲೇ ನಿಲ್ಲಿಸದಿದ್ದರೆ ಸೋಂಕಿದ್ದರೂ ಇಲ್ಲವೆಂಬ ಫಲಿತಾಂಶ ಬರಬಹುದು.

ಪ್ರಶ್ನೆ (ಡೊಂಬಿವಲಿ):
ಹಾಗಾದರೆ ಚಟ್ನಿಯ ಪಾತ್ರವೇನೂ ಇಲ್ಲವೇ?

ಉತ್ತರ (ಮುಲುಂಡ್):
ಖಾರವು ಕೆಲವರಲ್ಲಿ ಉರಿಯನ್ನು ಹೆಚ್ಚಿಸಬಹುದು, ಹುಣ್ಣನ್ನು ಉಂಟುಮಾಡುವುದಿಲ್ಲ. ಧೂಮಪಾನವಾದರೋ ಹುಣ್ಣು ಮಾಯುವುದನ್ನು ತಡಮಾಡುತ್ತದೆ. ಮಲವು ಡಾಂಬರಿನಂತೆ ಕಪ್ಪಾಗಿ ಕಂಡರೆ ಅದು ರಕ್ತಸ್ರಾವದ ಲಕ್ಷಣವಾಗಿರಬಹುದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.