ಕಂಟೇನರ್ ನಿಲ್ಲೋಕೆ ಪ್ರತಿ ಸಲ 10 ಸೆಕೆಂಡ್ ಯಾಕೆ?

ಪ್ರಶ್ನೆ:
ನನ್ನ ನೋಡ್ (ಜಾವಾಸ್ಕ್ರಿಪ್ಟ್) ಸರ್ವರನ್ನು ಡಾಕರ್ ಕಂಟೇನರ್ ಒಳಗೆ ಒಂದು ಶೆಲ್ ಸ್ಕ್ರಿಪ್ಟ್ ಮೂಲಕ ಶುರು ಮಾಡ್ತೀನಿ. ಡಾಕರ್ ಸ್ಟಾಪ್ ಕೊಟ್ಟರೆ 10 ಸೆಕೆಂಡ್ ಗರಬಡಿದ ಹಾಗೆ ಕೂತು, ಆಮೇಲೆ 137 ಅನ್ನೋ ಎಕ್ಸಿಟ್ ಕೋಡ್ ಕೊಟ್ಟು ಸಾಯುತ್ತೆ. ಸಿಗ್‌ಟರ್ಮ್ ('ನಿಲ್ಲು' ಅನ್ನೋ ಸಿಗ್ನಲ್) ಬಂದಾಗ ಓಡೋ ಹ್ಯಾಂಡ್ಲರ್ ಬರೆದಿದ್ದೀನಿ, ಅದರ ಲಾಗ್ ಒಂದು ಸಾಲೂ ಬರಲ್ಲ.

ಉತ್ತರ 1:
ಸಿಗ್ನಲ್ ನಿಮ್ಮ ನೋಡ್‌ಗೆ ತಲುಪ್ತಾನೇ ಇಲ್ಲ. ಪಿಐಡಿ 1 (ಕಂಟೇನರ್ ಒಳಗಿನ ಮೊದಲ ಪ್ರೋಸೆಸ್) ಆಗಿ ಕೂತಿರೋದು ಶೆಲ್. ಅದು ಸಿಗ್‌ಟರ್ಮನ್ನು ತನ್ನ ಚೈಲ್ಡ್ ಪ್ರೋಸೆಸ್‌ಗೆ ದಾಟಿಸಲ್ಲ. ಡಾಕರ್‌ನ ತಾಳ್ಮೆ 10 ಸೆಕೆಂಡ್, ಆಮೇಲೆ ಸಿಗ್‌ಕಿಲ್ (ಬಲವಂತವಾಗಿ ಸಾಯಿಸೋ ಸಿಗ್ನಲ್, ನಂಬರ್ 9): 128+9=137. ಸ್ಕ್ರಿಪ್ಟಿನ ಕೊನೆಯಲ್ಲಿ ನೋಡ್ ಕರೆಯೋ ಸಾಲಿನ ಮುಂದೆ 'ಎಕ್ಸೆಕ್' ಸೇರಿಸಿ. ಶೆಲ್ ತನ್ನ ಜಾಗವನ್ನೇ ನೋಡ್‌ಗೆ ಬಿಟ್ಟುಕೊಡುತ್ತೆ. ನಾನೂ ಇದೇ ಹಳ್ಳಕ್ಕೆ ಬಿದ್ದು ಎರಡು ದಿನ ಡೇಟಾಬೇಸ್ ಮೇಲೆ ಅನುಮಾನ ಪಟ್ಟಿದ್ದೆ, ಪಾಪ.

ಉತ್ತರ 2:
ಡಾಕರ್‌ಫೈಲ್‌ನ ಎಂಟ್ರಿಪಾಯಿಂಟನ್ನೂ (ಕಂಟೇನರ್ ಶುರುವಾದಾಗ ಓಡೋ ಕಮಾಂಡ್) ನೋಡಿ. ಚೌಕ ಕಂಸದೊಳಗೆ ಅರೇ ರೂಪದಲ್ಲಿರಲಿ. ಬರೀ ಸಾಲಾಗಿ ಬರೆದರೆ ಡಾಕರ್ ತಾನೇ ಇನ್ನೊಂದು ಶೆಲ್ ಸುತ್ತುತ್ತೆ. ಚೈಲ್ಡ್ ಪ್ರೋಸೆಸ್‌ಗಳು ಜಾಸ್ತಿ ಇದ್ದರೆ ಡಾಕರ್ ರನ್‌ಗೆ ಇನಿಟ್ ಫ್ಲ್ಯಾಗ್ ಕೊಡಿ, ಝಾಂಬಿಗಳನ್ನು (ಸತ್ತ ಮೇಲೂ ಪಟ್ಟಿಯಲ್ಲಿ ಉಳಿಯೋ ಪ್ರೋಸೆಸ್‌ಗಳನ್ನು) ಟೀನಿ ಅನ್ನೋ ಪುಟ್ಟ ಪ್ರೋಗ್ರಾಂ ಗುಡಿಸುತ್ತೆ.

ಕೇಳಿದವನು:
ಒಂದೇ ಒಂದು ಪದ! ಈಗ ಸೆಕೆಂಡ್ ಒಳಗೆ ನಿಲ್ತಿದೆ. ಹ್ಯಾಂಡ್ಲರ್‌ನ ಲಾಗ್ ಸಂದೇಶದಲ್ಲಿ ಕಾಗುಣಿತದ ತಪ್ಪೂ ಸಿಕ್ತು. ಇಷ್ಟು ದಿನ ಅದು ಓಡೇ ಇರಲಿಲ್ಲವಲ್ಲ, ಯಾರಿಗೆ ಕಾಣಬೇಕು?