ರಿಯಾಯಿತಿ ಸಿಮ್ ಬೇರೆಯವರಿಂದ ಕೊಂಡವರು ಯಾರಾದರೂ ಇದ್ದೀರಾ?

ಎರಡು ಸಿಮ್ ಬೇಕಾಗಿವೆ. ಒಂದು ನನಗೆ, ಮುಂದಿನ ತಿಂಗಳು ವಿದೇಶಕ್ಕೆ ಹೋದಾಗ ಬರೀ ಡೇಟಾಕ್ಕೆ. ಇನ್ನೊಂದು ಅಮ್ಮನಿಗೆ, ಅದು ಖಾಯಂ ನಂಬರ್. ಎರಡೂ ಮೊಬೈಲ್ ಕಂಪನಿಯ ಅಂಗಡಿಗಿಂತ ಆನ್‌ಲೈನ್ ರೀಸೆಲ್ಲರ್‌ಗಳ ಹತ್ತಿರ ಹೆಚ್ಚುಕಡಿಮೆ ಅರ್ಧ ಬೆಲೆಗೆ ಸಿಗುತ್ತಿವೆ. ಅದೇ ಕಂಪನಿ, ಅದೇ ಪ್ಲಾನ್ ಅಂತ ಬರೆದಿದ್ದಾರೆ. ಹಾಗಿದ್ದ ಮೇಲೆ ಕಂಪನಿಗೆ ಜಾಸ್ತಿ ದುಡ್ಡು ಕೊಡುವುದು ಯಾಕೆ? ಹೀಗೆ ಕೊಂಡವರು ಅನುಭವ ಹೇಳಿ. ಒಳ್ಳೆಯದಾಗಿದ್ದರೂ ಸರಿ, ಕೆಟ್ಟದಾಗಿದ್ದರೂ ಸರಿ.

* * *

ನಾನು ಸಿಮ್ ಮಾರುವ ಕೌಂಟರ್‌ನಲ್ಲಿ ಕೆಲವು ವರ್ಷ ಕೂತಿದ್ದವನು. ಈ ರಿಯಾಯಿತಿ ಎಲ್ಲಿಂದ ಹುಟ್ಟುತ್ತದೆ ಅಂತ ಹೇಳುತ್ತೇನೆ, ಆಮೇಲೆ ನೀವೇ ತೂಗಿ ನೋಡಿ.

ಹೊಸ ಗಿರಾಕಿಯನ್ನು ತಂದರೆ ಕಂಪನಿ ಮಾರಿದವನಿಗೆ ಕಮಿಷನ್ ಕೊಡುತ್ತದೆ. ಅದರಲ್ಲಿ ಒಂದು ಪಾಲನ್ನು ಅವನು ನಿಮಗೆ ಬಿಟ್ಟುಕೊಟ್ಟರೆ ಬೆಲೆ ಇಳಿಯುತ್ತದೆ. ಇದರಲ್ಲಿ ಮೋಸ ಏನೂ ಇಲ್ಲ. ಆದರೆ ನೀವು ಬೇಗನೆ ನಂಬರ್ ಬಿಟ್ಟರೆ ಅಥವಾ ಬೇರೆ ಕಂಪನಿಗೆ ಪೋರ್ಟ್ ಆದರೆ, ಎಷ್ಟೋ ಕಡೆ ಕಂಪನಿ ಆ ಕಮಿಷನ್ ವಾಪಸ್ ಕಿತ್ತುಕೊಳ್ಳುತ್ತದೆ. ಅದಕ್ಕೇ ಕೆಲವು ರೀಸೆಲ್ಲರ್‌ಗಳು ಇಂತಿಷ್ಟು ತಿಂಗಳು ಬಿಡುವ ಹಾಗಿಲ್ಲ ಅಂತ ತಮ್ಮದೇ ಷರತ್ತು ಸೇರಿಸುತ್ತಾರೆ. ಅದು ಕಂಪನಿಯ ಷರತ್ತಲ್ಲ, ಇವನದು. ಸಣ್ಣ ಅಕ್ಷರದಲ್ಲಿರುತ್ತದೆ, ಓದಿ.

ಹಳೆಯ ಸ್ಟಾಕ್ ಖಾಲಿ ಮಾಡುವವರೂ ಇದ್ದಾರೆ. ಪ್ರೀಪೇಯ್ಡ್ ಸಿಮ್ ಪ್ಯಾಕಿನ ಮೇಲೆ ಇಂಥ ದಿನದೊಳಗೆ ಚಾಲೂ ಮಾಡಬೇಕು ಅಂತ ತಾರೀಖು ಇದ್ದರೆ ಅದು ಹತ್ತಿರ ಬಂದಾಗ ಬೆಲೆ ಬೀಳುತ್ತದೆ. ತಾರೀಖಿನೊಳಗೆ ಹಾಕಿಕೊಂಡರೆ ನಿಮಗೇ ಲಾಭ.

ಕಷ್ಟ ಇರುವುದು ಇದರ ಆಚೆಗೆ. ದೊಡ್ಡ ಸಂಸ್ಥೆಗಳಿಗೆ ಕಂಪನಿ ಒಟ್ಟಿಗೆ ನೂರಾರು ಲೈನ್ ಕಡಿಮೆ ದರಕ್ಕೆ ಕೊಡುತ್ತದೆ. ಆ ಸಂಸ್ಥೆಯ ಸಿಬ್ಬಂದಿ ಮಾತ್ರ ಬಳಸಬೇಕು ಅಂತ ಒಪ್ಪಂದ ಇರುತ್ತದೆ. ಅಂಥ ಲೈನುಗಳನ್ನು ಯಾರೋ ಬಿಡಿಬಿಡಿಯಾಗಿ ಹೊರಗೆ ಮಾರುತ್ತಾರೆ. ಸಿಮ್ ಅಸಲಿ, ನೆಟ್‌ವರ್ಕ್ ಅಸಲಿ, ಪ್ಲಾನ್ ಕೂಡ ಅಸಲಿಯೇ. ಕಂಪನಿಯ ಕಡತದಲ್ಲಿ ಮಾತ್ರ ನೀವು ಇರುವುದೇ ಇಲ್ಲ. ಇನ್ನೂ ಕೆಟ್ಟದ್ದು ಅಂದರೆ ಕದ್ದ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡು ಮಾರುವುದು. ಕಾರ್ಡಿನ ನಿಜವಾದ ಯಜಮಾನ ಬ್ಯಾಂಕಿಗೆ ದೂರು ಕೊಡುತ್ತಾನೆ, ಬ್ಯಾಂಕ್ ಹಣ ವಾಪಸ್ ಎಳೆದುಕೊಳ್ಳುತ್ತದೆ, ಕಂಪನಿ ಲೈನ್ ಕತ್ತರಿಸುತ್ತದೆ. ಅಷ್ಟು ಹೊತ್ತಿಗೆ ಮಾರಿದವನು ಅಂಗಡಿಯ ಹೆಸರೇ ಬದಲಾಯಿಸಿರುತ್ತಾನೆ.

ಹೊರಗಿನಿಂದ ನೋಡಿದರೆ ಇವೆಲ್ಲ ಒಂದೇ ಥರ ಕಾಣುತ್ತವೆ. ಕೇಳಬೇಕಾದದ್ದು ಒಂದೇ ಮಾತು: ಈ ಲೈನ್ ಯಾರ ಹೆಸರಿನಲ್ಲಿ ಇರುತ್ತದೆ?

* * *

ಪ್ರಯಾಣದ ಸಿಮ್ ಬಗ್ಗೆ ನಾನು ಹೇಳಬಲ್ಲೆ. ಕೆಲಸದ ಮೇಲೆ ಆಗಾಗ ಓಡಾಡುತ್ತಿರುತ್ತೇನೆ, ಹೆಚ್ಚಾಗಿ ರೀಸೆಲ್ಲರ್‌ಗಳ ಇ-ಸಿಮ್ಮನ್ನೇ (ಪ್ಲಾಸ್ಟಿಕ್ ಕಾರ್ಡ್ ಇಲ್ಲದೆ ಫೋನಿನೊಳಗೇ ಡೌನ್‌ಲೋಡ್ ಆಗುವ ಸಿಮ್) ಹಾಕಿಕೊಳ್ಳುತ್ತೇನೆ. ಬರೀ ಡೇಟಾಕ್ಕೆ ಅದು ಸಾಕು. ನಂಬರೇ ಇರುವುದಿಲ್ಲ, ಹಾಗಾಗಿ ಕಳೆದುಕೊಳ್ಳಲು ಏನೂ ಇಲ್ಲ. ವಾಟ್ಸಾಪ್ ನಿಮ್ಮ ಹಳೆಯ ನಂಬರಿನಲ್ಲೇ ನಡೆಯುತ್ತದೆ. ಊರಿನ ಸಿಮ್ ಫೋನಿನಲ್ಲೇ ಇರಲಿ, ಅದರ ಡೇಟಾ ರೋಮಿಂಗ್ ಮಾತ್ರ ಆಫ್ ಮಾಡಿ. ಇಲ್ಲದಿದ್ದರೆ ಇಲ್ಲಿ ಉಳಿಸಿದ್ದೆಲ್ಲ ಅಲ್ಲಿ ಬಿಲ್ಲಿಗೆ ಹೋಗುತ್ತದೆ.

ಗೊತ್ತಿರಬೇಕಾದ ಸಂಗತಿ ಅಂದರೆ, ಇಂಥ ಇ-ಸಿಮ್‌ಗಳಲ್ಲಿ ಬಹಳಷ್ಟು ನೀವು ಹೋದ ದೇಶದ ಸಿಮ್ ಆಗಿರುವುದೇ ಇಲ್ಲ. ಮೂರನೇ ದೇಶದ ಯಾವುದೋ ಕಂಪನಿಯ ಸಿಮ್, ಅಲ್ಲಿ ರೋಮಿಂಗ್‌ನಲ್ಲಿ ಓಡುತ್ತಿರುತ್ತದೆ. ನಿಮ್ಮ ಡೇಟಾ ಒಂದು ಸಲ ಆ ದೇಶಕ್ಕೆ ಹೋಗಿ ಆಮೇಲೆ ಇಂಟರ್ನೆಟ್‌ಗೆ ಸೇರುತ್ತದೆ. ಹಾಗಾಗಿ ವೀಡಿಯೊ ಕಾಲ್ ಸ್ವಲ್ಪ ತಡವರಿಸುತ್ತದೆ, ಕೆಲವು ವೆಬ್‌ಸೈಟ್‌ಗಳು ನೀವು ಬೇರೆಲ್ಲೋ ಇದ್ದೀರಿ ಅಂದುಕೊಳ್ಳುತ್ತವೆ, ಬ್ಯಾಂಕ್ ಆಪ್ ಒಮ್ಮೊಮ್ಮೆ ಮುನಿಸಿಕೊಳ್ಳುತ್ತದೆ. ಮ್ಯಾಪ್ ನೋಡಲು, ಮೆಸೇಜ್ ಮಾಡಲು ಏನೂ ತೊಂದರೆಯಿಲ್ಲ. ದಿನವಿಡೀ ಆಫೀಸಿನ ಮೀಟಿಂಗ್ ಇರುವವರಾದರೆ ಅಲ್ಲಿನ ಕಂಪನಿಯ ಸಿಮ್ಮೇ ವಾಸಿ.

ಇನ್ನೊಂದು. ಅನ್‌ಲಿಮಿಟೆಡ್ ಅಂತ ಇದ್ದರೆ ಎಷ್ಟು ಜಿಬಿ ಆದ ಮೇಲೆ ವೇಗ ಇಳಿಯುತ್ತದೆ, ಇಳಿದ ಮೇಲೆ ಎಷ್ಟಿರುತ್ತದೆ, ಹಾಟ್‌ಸ್ಪಾಟ್ ಬಿಡುತ್ತಾರಾ ಅಂತ ನೋಡಿ. 128 ಕೆಬಿಪಿಎಸ್‌ಗೆ ಇಳಿಸಿದರೆ ಮ್ಯಾಪ್ ಕೂಡ ತೆವಳುತ್ತದೆ.

* * *

ಮೇಲೆ ಅಣ್ಣ ಸಂಸ್ಥೆಗಳ ಲೈನ್ ಬಗ್ಗೆ ಬರೆದರಲ್ಲ, ನಮ್ಮ ಮನೆಯಲ್ಲಿ ಆಗಿದ್ದು ಅದೇ. ನಮ್ಮ ಯಜಮಾನರಿಗೆ ಪರಿಚಯದವರೊಬ್ಬರು ತುಂಬಾ ಕಡಿಮೆಗೆ ಒಂದು ಲೈನ್ ಕೊಡಿಸಿದರು. ಒಂದು ವರ್ಷಕ್ಕೂ ಜಾಸ್ತಿ ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಬ್ಯಾಂಕು, ಗ್ಯಾಸು, ಮಕ್ಕಳ ಸ್ಕೂಲು, ಎಲ್ಲ ಕಡೆ ಅದೇ ನಂಬರ್ ಕೊಟ್ಟಾಗಿತ್ತು. ಒಂದು ದಿನ ಇದ್ದಕ್ಕಿದ್ದ ಹಾಗೆ ಸಿಗ್ನಲ್ ಹೋಯಿತು. ಫೋನ್ ಕೆಟ್ಟಿದೆ ಅಂದುಕೊಂಡು ಆಫ್ ಮಾಡಿ ಆನ್ ಮಾಡಿದ್ದೇ ಮಾಡಿದ್ದು. ಕೊನೆಗೆ ಕಂಪನಿ ಅಂಗಡಿಗೆ ಹೋದರೆ ಈ ನಂಬರ್ ಇನ್ಯಾವುದೋ ಸಂಸ್ಥೆಯ ಹೆಸರಿನಲ್ಲಿದೆ, ಅವರು ಒಪ್ಪಂದ ಮುಗಿಸಿದ್ದಾರೆ ಅಂದರು. ನಾವು ಎಷ್ಟು ಗುರುತಿನ ಚೀಟಿ ತೋರಿಸಿದರೂ ಪ್ರಯೋಜನವಾಗಲಿಲ್ಲ. ಅವರ ಕಡೆಯಿಂದ ನೋಡಿದರೆ ಅವರು ಮಾಡಿದ್ದೂ ಸರಿಯೇ, ಯಾರೋ ಬಂದು ಇನ್ನೊಬ್ಬರ ನಂಬರ್ ಕೊಡಿ ಅಂದರೆ ಕೊಡಬಾರದು ತಾನೇ.

ಆಮೇಲಿನದ್ದೇ ದೊಡ್ಡ ಗೋಳು. ಬ್ಯಾಂಕಿನಲ್ಲಿ ನಂಬರ್ ಬದಲಾಯಿಸಲು ಹೋದರೆ ಒಟಿಪಿ ಹಳೆಯ ನಂಬರಿಗೇ ಹೋಗುತ್ತದೆ. ಪಾಸ್‌ವರ್ಡ್ ಮರೆತ ಖಾತೆಗಳದ್ದೂ ಅದೇ ಕಥೆ. ಸಿಮ್‌ನಲ್ಲಿ ಉಳಿಸಿದ ದುಡ್ಡು ಓಡಾಟದಲ್ಲೇ ಹೋಯಿತು. ಅಮ್ಮನಿಗೆ ಅಂತೀರಿ, ದಯವಿಟ್ಟು ಬೇಡ. ಅವರದೇ ಹೆಸರಿನಲ್ಲಿ, ಅವರನ್ನೇ ಕರೆದುಕೊಂಡು ಹೋಗಿ ಮಾಡಿಸಿ.

* * *

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸತ್ತ ನಂಬರ್ ಸುಮ್ನೆ ಇರುವುದಿಲ್ಲ, ಕೆಲವು ಕಾಲ ಬಿಟ್ಟು ಕಂಪನಿ ಅದನ್ನು ಬೇರೆಯವರಿಗೆ ಕೊಡುತ್ತದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಅಮೆರಿಕದ ಎರಡು ಕಂಪನಿಗಳಲ್ಲಿ ಹೊಸ ಗಿರಾಕಿಗಳಿಗೆ ಸಿಗುವಂಥ 259 ನಂಬರ್ ಆರಿಸಿ ನೋಡಿದರು. ಅದರಲ್ಲಿ 171 ನಂಬರ್‌ಗಳಿಗೆ ಹಿಂದಿನವರ ಖಾತೆಗಳು ಯಾವುದೋ ವೆಬ್‌ಸೈಟ್‌ನಲ್ಲಿ ಇನ್ನೂ ಅಂಟಿಕೊಂಡಿದ್ದವು. ನಿಮ್ಮ ಯಜಮಾನರ ಹಳೆಯ ನಂಬರನ್ನು ಎಲ್ಲ ಕಡೆಯಿಂದ ತೆಗೆಸಿದ್ದೀರಾ ಅಂತ ಇನ್ನೊಮ್ಮೆ ನೋಡಿ. ಇಮೇಲ್ ಖಾತೆಯ ರಿಕವರಿ ನಂಬರ್ ಅಂತ ಒಂದಿರುತ್ತದೆ, ಅದನ್ನು ಎಲ್ಲರೂ ಮರೆಯುತ್ತಾರೆ.

* * *

ಎಲ್ಲರೂ ಕಂಪನಿಯೇ ದೇವರು ಅನ್ನೋ ಹಾಗೆ ಬರೆಯುತ್ತಿದ್ದೀರಲ್ಲ! ಕಂಪನಿ ಅಂಗಡಿಯಲ್ಲಿ ಕೇಳದ ಪ್ಯಾಕ್ ತಗುಲಿಸುವುದು, ಕಾಲರ್ ಟ್ಯೂನ್ ಹಾಕುವುದು, ಮೊದಲ ಮೂರು ತಿಂಗಳು ಕಡಿಮೆ ಆಮೇಲೆ ಪೂರ್ತಿ ದರ ಅನ್ನುವುದನ್ನು ಬಾಯಿಬಿಟ್ಟು ಹೇಳದೇ ಇರುವುದು, ಇದೆಲ್ಲ ನೋಡಿಲ್ವಾ? ನಾನಂತೂ ಎರಡೂ ಕಡೆ ಕೊಂಡಿದ್ದೇನೆ, ಜಗಳ ಜಾಸ್ತಿ ಆಡಿದ್ದು ಕಂಪನಿ ಜೊತೆಗೇ.

ಇನ್ನೊಂದು ಗೊಂದಲ ನಡೆಯುತ್ತಿದೆ ಇಲ್ಲಿ. ಸ್ವಂತ ಟವರ್ ಇಲ್ಲದೆ ದೊಡ್ಡ ಕಂಪನಿಯಿಂದ ನೆಟ್‌ವರ್ಕ್ ಸಗಟಾಗಿ ಕೊಂಡು ತಮ್ಮ ಹೆಸರಿನಲ್ಲಿ ಮಾರುವವರು ಇದ್ದಾರೆ, ಎಂವಿಎನ್‌ಒ ಅಂತಾರೆ. ಅವರು ರೀಸೆಲ್ಲರ್ ಅಲ್ಲ, ಅವರೇ ನಿಮ್ಮ ಕಂಪನಿ. ಬಿಲ್ ಅವರದು, ಲೈನ್ ನಿಮ್ಮ ಹೆಸರಿನಲ್ಲೇ. ಬೆಲೆ ಎಷ್ಟೋ ಸಲ ಕಡಿಮೆ. ಜನಜಂಗುಳಿ ಇರುವ ಕಡೆ ದೊಡ್ಡ ಕಂಪನಿಯ ಗಿರಾಕಿಗಳಿಗೆ ಮೊದಲು ದಾರಿ ಬಿಟ್ಟು ಇವರ ಗಿರಾಕಿಗಳನ್ನು ಹಿಂದೆ ನಿಲ್ಲಿಸುವುದುಂಟು, ಅಷ್ಟೇ. ಕ್ರೀಡಾಂಗಣ, ರೈಲ್ವೆ ನಿಲ್ದಾಣದಲ್ಲಿ ನಾಲ್ಕು ಕಡ್ಡಿ ಸಿಗ್ನಲ್ ಇದ್ದೂ ಡೇಟಾ ಓಡಲ್ಲ. ಮನೆಯಲ್ಲಿ ಕೂತು ಮಾತಾಡುವ ಅಮ್ಮನಿಗೆ ಅದು ಲೆಕ್ಕಕ್ಕೇ ಇಲ್ಲ. ನಿಮ್ಮ ಕಡೆ ಅಂಥವರು ಇದ್ದರೆ ಅರ್ಧ ಬೆಲೆಗೂ ಭಯಕ್ಕೂ ಮಧ್ಯದ ದಾರಿ ಅದು.

* * *

ಒಂದು ವರ್ಷದ ಪ್ಲಾನ್ ಒಟ್ಟಿಗೆ ಅಂತ ಯಾರಾದರೂ ಕಡಿಮೆಗೆ ಮಾರಿದರೆ ಹುಷಾರು. ಕಂಪನಿಯಲ್ಲಿ ಅಂಥ ವಾರ್ಷಿಕ ಪ್ಲಾನ್ ನಿಜಕ್ಕೂ ಇದೆಯಾ ನೋಡಿ. ಇಲ್ಲದಿದ್ದರೆ ಅವನು ಮಾಡುವುದು ಇಷ್ಟೇ: ನಿಮ್ಮಿಂದ ವರ್ಷದ ದುಡ್ಡು ತೆಗೆದುಕೊಂಡು ಪ್ರತಿ ತಿಂಗಳು ತಾನು ರೀಚಾರ್ಜ್ ಮಾಡುತ್ತಾ ಹೋಗುವುದು. ಅವನಿಗೆ ಬೇಸರ ಬಂದ ತಿಂಗಳು ನಿಮ್ಮ ಫೋನ್ ಬಂದ್. ನನಗೆ ಐದನೇ ತಿಂಗಳು ನಿಂತಿತು. ಲೈನ್ ನನ್ನ ಹೆಸರಲ್ಲೇ ಇದ್ದದ್ದರಿಂದ ನಂಬರ್ ಉಳಿಯಿತು, ದುಡ್ಡು ಹೋಯಿತು.

* * *

ಯಾರಿಂದಲೇ ತೆಗೆದುಕೊಳ್ಳಿ, ಇವನ್ನು ಮರೆಯಬೇಡಿ. ಫೋನ್ ಕಂತಿನಲ್ಲಿ ಕಂಪನಿಯಿಂದಲೇ ಬಂದದ್ದಾದರೆ ಅದು ಲಾಕ್ ಆಗಿರಬಹುದು, ಬೇರೆ ಸಿಮ್ ಹಾಕಿದರೆ ಓಡಲ್ಲ. ಇದಕ್ಕೆ ರೀಸೆಲ್ಲರ್‌ನ ಬೈದು ಉಪಯೋಗ ಇಲ್ಲ. ಇ-ಸಿಮ್ ಆದರೆ ನಿಮ್ಮ ಫೋನ್ ಅದನ್ನು ತೆಗೆದುಕೊಳ್ಳುತ್ತದಾ ಅಂತ ಖಚಿತ ಮಾಡಿಕೊಳ್ಳಿ. *#06# ಒತ್ತಿದಾಗ ಐಎಂಇಐ (ಫೋನಿನ ಗುರುತಿನ ನಂಬರ್) ಜೊತೆಗೆ 32 ಅಂಕಿಯ ಇಐಡಿ (ಇ-ಸಿಮ್ ಚಿಪ್‌ನ ಗುರುತಿನ ನಂಬರ್) ಕಂಡರೆ ಆ ಸೌಲಭ್ಯ ಇದೆ ಅಂತ ಅರ್ಥ.

ಇ-ಸಿಮ್‌ನ ಕ್ಯೂಆರ್ ಕೋಡ್ ಸಾಮಾನ್ಯವಾಗಿ ಒಂದೇ ಸಲ ಕೆಲಸ ಮಾಡುತ್ತದೆ. ಸರಿಯಾಗಿ ಓಡುತ್ತಿಲ್ಲ ಅಂತ ಡಿಲೀಟ್ ಮಾಡಿ ಮತ್ತೆ ಹಾಕೋಣ ಅನ್ನಬೇಡಿ, ಮತ್ತೆ ಬರಲ್ಲ. ಮೊದಲು ಆ ಇ-ಸಿಮ್‌ನ ಡೇಟಾ ರೋಮಿಂಗ್ ಆನ್ ಇದೆಯಾ, ಎಪಿಎನ್ (ಸಿಮ್ಮನ್ನು ಇಂಟರ್ನೆಟ್‌ಗೆ ಸೇರಿಸುವ ಸೆಟ್ಟಿಂಗ್) ಸರಿಯಿದೆಯಾ ನೋಡಿ, ನೂರಕ್ಕೆ ತೊಂಬತ್ತು ಸಲ ಅಲ್ಲೇ ಇರುತ್ತದೆ. ವ್ಯಾಲಿಡಿಟಿ ಹಾಕಿಕೊಂಡ ಕ್ಷಣದಿಂದ ಶುರುವಾ, ಅಲ್ಲಿನ ನೆಟ್‌ವರ್ಕ್ ಹಿಡಿದಾಗಿನಿಂದಲಾ ಅಂತಲೂ ಕೇಳಿ. ಎರಡೂ ಥರ ಇವೆ.

ಪ್ಲಾಸ್ಟಿಕ್ ಸಿಮ್ ಆದರೆ ಅದನ್ನು ಮುರಿದು ತೆಗೆದ ದೊಡ್ಡ ಕಾರ್ಡನ್ನು ಬಿಸಾಡಬೇಡಿ. ಲಾಕ್ ಆದ ಸಿಮ್ ಬಿಡಿಸುವ ಪಿಯುಕೆ ನಂಬರ್ ಬಹಳ ಸಲ ಅದರ ಮೇಲೇ ಇರುತ್ತದೆ. ಪಿನ್ ಮೂರು ಸಲ ತಪ್ಪಾದರೆ ಪಿಯುಕೆ ಕೇಳುತ್ತದೆ, ಪಿಯುಕೆ ಹತ್ತು ಸಲ ತಪ್ಪಾದರೆ ಆ ಸಿಮ್ ಕಥೆ ಮುಗಿಯಿತು. ರೀಸೆಲ್ಲರ್ ಬರೀ ಚಿಪ್ ಮಾತ್ರ ಕವರ್‌ನಲ್ಲಿ ಹಾಕಿ ಕಳಿಸಿದರೆ, ಅಥವಾ ಪ್ಯಾಕ್ ಒಡೆದಿದ್ದರೆ, ಹಾಕಿಕೊಳ್ಳದೆ ವಾಪಸ್ ಕಳಿಸಿ. ಕಾರ್ಡಿನ ಮೇಲೆ 89ರಿಂದ ಶುರುವಾಗುವ ಉದ್ದನೆಯ ನಂಬರ್ ಇರುತ್ತದೆ, ಅದರ ಫೋಟೋ ತೆಗೆದಿಡಿ. ದೂರು ಕೊಡುವಾಗ ಅದನ್ನೇ ಕೇಳುತ್ತಾರೆ.

* * *

ಪ್ರಶ್ನೆ ಕೇಳಿದವನು ನಾನೇ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನ ಲೈನ್ ಯಾರ ಹೆಸರಿನಲ್ಲಿ ಇರುತ್ತದೆ ಅಂತ ರೀಸೆಲ್ಲರ್‌ಗೆ ಬರೆದು ಕೇಳಿದೆ. ಆಗಲೇ ಚಾಲೂ ಆಗಿರುತ್ತೆ ಸರ್, ನೀವು ಯಾವ ದಾಖಲೆಯನ್ನೂ ಕೊಡುವ ತೊಂದರೆ ತಗೋಬೇಡಿ, ಆಮೇಲೆ ನಿಮ್ಮ ಹೆಸರಿಗೆ ಮಾಡಿಕೊಡೋಣ ಅಂದರು. ಇದು ಸರಿಯಾ? ಪ್ರಯಾಣದ್ದು ಮಾತ್ರ ಅವರಿಂದಲೇ ತೆಗೆದುಕೊಳ್ಳೋಣ ಅಂತಿದ್ದೇನೆ.

* * *

ಕೌಂಟರ್‌ನಲ್ಲಿ ಕೂತಿದ್ದವನು ಮತ್ತೆ ಬಂದೆ. ಮೊದಲೇ ಚಾಲೂ ಮಾಡಿದ ಸಿಮ್ ಅಂದರೆ ಈಗಾಗಲೇ ಇನ್ಯಾರದೋ ದಾಖಲೆ ಅಲ್ಲಿ ಬಿದ್ದಿದೆ ಅಂತ. ಹೆಸರು ಬದಲಾಯಿಸಲು ಆ ಇನ್ಯಾರೋ ಒಪ್ಪಬೇಕು, ಅವರಿಗೆ ತಮ್ಮ ಹೆಸರಿನಲ್ಲಿ ಲೈನ್ ಇರುವುದೇ ಗೊತ್ತಿರುವುದಿಲ್ಲ. ಅದನ್ನು ಬಿಡಿ.

ಪ್ರಯಾಣದ್ದನ್ನೂ ಇವರಿಂದ ಬೇಡ. ಅಮ್ಮನ ಲೈನಿಗೆ ಹೀಗೆ ಹೇಳುವವರು ಡೇಟಾ ಸಿಮ್ ಎಲ್ಲಿಂದ ತರುತ್ತಾರೋ. ಬೇರೆ ಯಾರಾದರೂ ನೋಡಿ, ವಾಪಸಾತಿಯ ನಿಯಮ ಬರೆದಿಟ್ಟಿರುವವರನ್ನು. ದುಡ್ಡನ್ನು ನೇರವಾಗಿ ಖಾತೆಗೆ ಹಾಕದೆ ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ, ಸಿಮ್ ಓಡದಿದ್ದರೆ ಬ್ಯಾಂಕಿಗಾದರೂ ದೂರು ಕೊಡಬಹುದು. ಮೊದಲ ಸಲ ಸಣ್ಣ ಪ್ಯಾಕ್ ಸಾಕು. ಅಲ್ಲಿ ಹೋದ ಮೇಲೆ ಅದಕ್ಕೇ ಟಾಪ್ ಅಪ್ ಮಾಡಲು ಬಿಡುತ್ತಾರಾ ಅಂತ ಹೊರಡುವ ಮುಂಚೆಯೇ ಕೇಳಿಕೊಳ್ಳಿ.